ಅಕ್ಕನ ಎಡಗೈ

ಜೇವರ್ಗಿಯಿಂದ ಆಳಂದದ ಮನೆಗೆ ಸೊಸೆಯಾಗಿ ಬಂದ ಮರುದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಅತ್ತೆಗೂ ಅಕ್ಕನಿಗೂ ನಡೆದಿದ್ದ ರೊಟ್ಟಿಯ ಜಗಳ. ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ನಮ್ಮವರ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ಅಫಜಲಪುರದ ಹೆಣ್ಣು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಹುಟ್ಟಿನಿಂದ ಎಡಚಿ. ಉಣ್ಣುವುದನ್ನು ಮಾತ್ರ ತವರಿನಲ್ಲಿ ಬೈದು ಬಡಿದು ಬಲಗೈಗೆ ರೂಢಿ ಮಾಡಿಸಿದ್ದರು. ಉಳಿದದ್ದೆಲ್ಲ, ರೊಟ್ಟಿ ಬಡಿಯುವುದು, ಕಸ ಗುಡಿಸುವುದು, ಬದನೆಕಾಯಿ ಹೆಚ್ಚುವುದು, ನನ್ನ ತಲೆ ಬಾಚುವುದು, ಎಡಗೈಯಲ್ಲೇ.

"ಈಕಿ ಬಡದ್ರ ರೊಟ್ಟಿ ಉಲ್ಟಾ ತಿರಗ್ತದ," ಅನ್ನುತ್ತಿದ್ದರು ಅತ್ತೆ.

"ಹಂಚಿನ ಮ್ಯಾಲಿಂದ ಇಳದಮ್ಯಾಲ ಯಾವ ಕಡಿ ತಿರಗಿತ್ತು ಅಂತ ಯಾರಿಗಿ ಗೊತ್ತಾಗ್ತದ್ರಿ ಅತ್ತಿ?"

"ನನಗ ಗೊತ್ತಾಗ್ತದ. ತಿಂದ್ರ ಹಲ್ಲಿಗಿ ಗೊತ್ತಾಗ್ತದ."

"ಹಲ್ಲು ಇದ್ರಲ್ಲೇನ್ರಿ ಗೊತ್ತಾಗೋದು."

ಅತ್ತೆಗೆ ಆಗಲೇ ಮುಂದಿನ ನಾಲ್ಕು ಹಲ್ಲು ಇರಲಿಲ್ಲ. ಹೊಸ ಸೊಸೆಯಾದ ನಾನು ಹಾಸಿಗೆಯಲ್ಲೇ ಗಟ್ಟಿಯಾಗಿ ಕೂತೆ, ಇನ್ನು ಈ ಮನೆಯಲ್ಲಿ ಏನು ನಡೆಯುತ್ತದೋ ಎಂದು. ನಡೆದದ್ದು ಇಷ್ಟೇ: ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಲೆಯ ಮುಂದೆ ಅಲುಗಾಡಿ ಅಲುಗಾಡಿ ನಕ್ಕರು. ಬರುಬರುತ್ತ ತಿಳಿಯಿತು, ಆ ಮನೆಯಲ್ಲಿ ಒಲೆ ಹೊತ್ತಿಕೊಳ್ಳುವುದೇ ಹಾಗೆ.

ಮನೆಯಲ್ಲಿ ಗಂಡಸರು ಇಬ್ಬರು. ಭಾವ ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿನ ಮುಂದೆ ನಿಂತು ಕೆಲಸ ಮಾಡುವವರು. ಕಬ್ಬು ಅರೆಯುವ ತಿಂಗಳುಗಳಲ್ಲಿ ಅವರ ಊಟ ನಿದ್ದೆ ಎಲ್ಲ ಪಾಳಿಯ ಪ್ರಕಾರ. ನಮ್ಮವರು ಮಟಕಿಯ ಶಾಲೆಯಲ್ಲಿ ಮಾಸ್ತರು, ದಿನಾ ಸೈಕಲ್ಲಿನಲ್ಲಿ ಹೋಗಿ ಬರುವುದು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರನ್ನು ಅಕ್ಕನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ನಾನು ಹೇಳಹೊರಟಿರುವುದು ಅಕ್ಕನ ಆ ಎಡಗೈಗೆ ಲಾಠಿ ಬಿದ್ದ ವರ್ಷದ ಸಂಗತಿ. ತೊಂಬತ್ತರ ಆಸುಪಾಸು. ಬಿಸಿಲು ಏರಿತ್ತು, ಶಾಲೆಗಳು ಬೆಳಗಿನ ಹೊತ್ತಿಗೆ ಬದಲಾಗಿದ್ದವು, ಕಬ್ಬಿನ ಲಾರಿಗಳ ಓಡಾಟ ಮಾತ್ರ ಇನ್ನೂ ನಿಂತಿರಲಿಲ್ಲ. ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಬೋರಿಂಗು. ಹಿಡಿಕೆ ಒತ್ತಿದರೆ ನೀರು ಬರುವಂಥದ್ದು. ಅದರ ಒಳಗಿನ ಸರಪಳಿ ಹರಿದು ಹಿಡಿಕೆ ಸತ್ತ ಹಾವಿನಂತೆ ಜೋತು ಬಿದ್ದಿತ್ತು. ಹೇಳಬೇಕಾದವರಿಗೆಲ್ಲ ಹೇಳಿಯಾಗಿತ್ತು. ನಾಳೆ ಬರುತ್ತಾರೆ, ಸಾಮಾನು ಬಂದಿಲ್ಲ, ಸಾಮಾನು ಬಂದಿದೆ ಆದರೆ ಮನುಷ್ಯ ಇಲ್ಲ. ಕೊನೆಗೆ ಓಣಿಯ ಹೆಂಗಸರು ಸೇರಿ, ಖಾಲಿ ಕೊಡಗಳನ್ನು ಒಯ್ದು ಬಸ್ ಸ್ಟ್ಯಾಂಡಿನ ಮುಂದಿನ ರಸ್ತೆಗೆ ಅಡ್ಡಡ್ಡ ಇಟ್ಟು ಕೂಡುವುದೆಂದು ಮಾತಾಡಿಕೊಂಡರು.

ಅಕ್ಕ ಹೊರಟದ್ದು ತವರಿನ ತಾಮ್ರದ ಕೊಡ ಎತ್ತಿಕೊಂಡು.

"ಪ್ಲಾಸ್ಟಿಕ್ ಕೊಡ ಒಯ್ಯಿ ಬೇ," ಅಂದರು ಅತ್ತೆ. "ಹೋದ್ರ ಹೋಯ್ತು ಅಂತ ಬಿಡಬಹುದು."

"ಪ್ಲಾಸ್ಟಿಕ್ ಮ್ಯಾಲ ಲಾರಿ ಹಾಯಿಸ್ತಾರ್ರಿ ಅತ್ತಿ. ತಾಮ್ರದ್ದು ಕಂಡ್ರ ಬ್ರೇಕ್ ಒತ್ತತಾರ."

ಆಗಷ್ಟೇ ಅವಳ ತಮ್ಮನ ಮದುವೆ ಮುಗಿದಿತ್ತು. ಎರಡೂ ಕೈಗೆ ಹಸಿರು ಗಾಜಿನ ಬಳೆ ತುಂಬಿಸಿಕೊಂಡು ಬಂದಿದ್ದಳು. ನಮ್ಮ ಕಡೆ ಬಳೆ ಸಡಿಲ ಇರಬಾರದು. ಮುಷ್ಟಿಯನ್ನು ಹಿಂಡಿ ಹಿಸುಕಿ, ಕಣ್ಣಲ್ಲಿ ನೀರು ಬಂದರೂ ಸರಿ, ಕೈಗೆ ಅಂಟಿ ಕೂಡುವ ಅಳತೆಯನ್ನೇ ಏರಿಸಬೇಕು. ಹಾಗೆ ಏರಿಸಿದ ಬಳೆ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ.

ರಸ್ತೆಯ ಮೇಲೆ ಮೊದಲ ಒಂದು ತಾಸು ಜಾತ್ರೆಗೆ ಬಂದವರ ಹಾಗೇ ಇದ್ದೆವು. ಎದುರು ಮನೆಯ ಖಾಲಾ ಎಲೆ ಅಡಿಕೆಯ ಚೀಲ ಬಿಚ್ಚಿ ಎಲ್ಲರಿಗೂ ಹಂಚಿದರು. ಖಾಲಾ ನಮ್ಮ ಓಣಿಯ ಮುಸ್ಲಿಂ ಮನೆಯ ಹಿರಿಯ ಹೆಂಗಸು. ಅತ್ತೆಗೆ ಗೆಳತಿ, ನಮಗೆಲ್ಲ ಖಾಲಾ. ಬಸ್ಸು ನಿಂತಿತು, ಅದರ ಹಿಂದೆ ಕಬ್ಬಿನ ಲಾರಿ, ಲಾರಿಯ ಹಿಂದೆ ಎತ್ತಿನ ಗಾಡಿ. ಕಂಡಕ್ಟರ್ ಇಳಿದು ಬಂದು, "ಅವ್ವಾರೇ, ಅರ್ಧಾ ರಸ್ತಾ ಬಿಡ್ರಿ, ಅರ್ಧಾದಾಗ ಕೂಡ್ರಿ," ಎಂದ.

"ನಮಗ ಅರ್ಧಾ ಕೊಡ ನೀರಾದ್ರೂ ಕೊಡಸು, ಬಿಡ್ತೇವಿ," ಅಂದಳು ಅಕ್ಕ.

ಆಮೇಲೆ ವ್ಯಾನು ಬಂತು. ಅದರಿಂದ ಇಳಿದವರಲ್ಲಿ ನಮ್ಮೂರಿನ ಪರಿಚಯದ ಮುಖ ಯಾವುದೂ ಇರಲಿಲ್ಲ. ಏಳಿರಿ ಎಂದರು. ನೀರು ಎಂದೆವು. ಇನ್ನೊಮ್ಮೆ ಏಳಿರಿ ಎಂದರು. ಸೀಟಿ ಊದಿದರು. ಆ ಸೀಟಿಯ ಅರ್ಥ ನಮಗೆ ಯಾರಿಗೂ ಗೊತ್ತಿರಲಿಲ್ಲ. ಬಸ್ಸು ಬಿಡಲು ಊದಿದರು ಅಂದುಕೊಂಡೆವು. ಮೊದಲು ಕೇಳಿಸಿದ್ದು ಕೊಡಗಳ ಸದ್ದು. ಸ್ಟೀಲಿನದು ಒಂದು ತರಹ, ಹಿತ್ತಾಳೆಯದು ಒಂದು ತರಹ. ಪ್ಲಾಸ್ಟಿಕ್ ಕೊಡ ಸದ್ದಿಲ್ಲದೆ ಒಡೆಯಿತು. ನನ್ನ ತೊಡೆಯ ಹಿಂದೆ ಬೆಂಕಿ ಇಟ್ಟ ಹಾಗಾಯಿತು, ಎದ್ದು ಓಡಿದೆ. ತಿರುಗಿ ನೋಡಿದರೆ ಅಕ್ಕ ಓಡದೆ ಬಗ್ಗಿ ತಾಮ್ರದ ಕೊಡವನ್ನು ಹುಡುಕುತ್ತಿದ್ದಳು. ಅದು ಕೈಗೆ ಸಿಕ್ಕಿತು. ಅದರ ಮೇಲೆ ಲಾಠಿ ಇಳಿಯುವುದು ಅವಳಿಗೆ ಕಂಡಿತು. ಅವಳು ಎಡಗೈ ಅಡ್ಡ ಹಿಡಿದಳು.

ಮನೆಗೆ ಬಂದಾಗ ಕೊಡ ಬಲಸೊಂಟದ ಮೇಲಿತ್ತು, ಅದಕ್ಕೆ ಒಂದು ಗೆರೆಯೂ ಬಿದ್ದಿರಲಿಲ್ಲ. ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಸೆರಗು ಬಿಚ್ಚಿದಾಗ ಹಸಿರು ಗಾಜಿನ ಚೂರುಗಳು ಚರ್ಮದಲ್ಲಿ ನಾಟಿಕೊಂಡಿದ್ದವು. ಕೆಳಗಿನ ಬಳೆಗಳು ಪುಡಿಯಾಗಿದ್ದವು. ಮೇಲಿನವು ಹಾಗೇ ಇದ್ದವು, ಮೊಣಕೈ ಕಡೆಗೆ ಸರಿದು ಒಂದರ ಮೇಲೊಂದು ಒತ್ತಿಕೊಂಡು. ನಾವು ನೋಡುತ್ತಿದ್ದಂತೆಯೇ ಕೈ ಊದತೊಡಗಿತು.

ದವಾಖಾನೆಗೆ ಹೋಗಬೇಕಿತ್ತು. ಆದರೆ ಅಲ್ಲಿ ಪೊಲೀಸರು ನಿಂತಿದ್ದಾರೆ, ಗಾಯ ಆದವರ ಮೇಲೆಯೇ ಕೇಸು ಹಾಕುತ್ತಾರೆ ಎಂಬ ಸುದ್ದಿ ನಮಗಿಂತ ಮುಂಚೆ ಓಣಿಗೆ ಬಂದಿತ್ತು. ಅದು ಬರೀ ಸುದ್ದಿ ಎಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನಂಬಿದೆವು. ಅತ್ತೆ ಪರಸಿ ಕಲ್ಲಿನ ನೆಲದ ಮೇಲೆ ಚಾಪೆ ಹಾಸಿ ಅಕ್ಕನನ್ನು ಕೂಡಿಸಿದರು. ತಂಬಿಗೆ ನೀರಿಗೆ ಅರಿಶಿನ ಹಾಕಿ ಒಂದೊಂದೇ ಚೂರು ತೆಗೆದರು. ಅಕ್ಕ ತುಟಿ ಕಚ್ಚಿ ಕೂತಿದ್ದಳು. ಬಲಗೈಯಲ್ಲಿ ಕೊಡದ ಕುತ್ತಿಗೆ ಇನ್ನೂ ಹಿಡಿದೇ ಇದ್ದಳು.

"ಅದನ್ನ ಬಿಡು ಈಗ," ಅಂದರು ಅತ್ತೆ. "ಯಾರೂ ಒಯ್ಯಂಗಿಲ್ಲ."

ಚೂರು ಮುಗಿದ ಮೇಲೆ ಉಳಿದ ಬಳೆಗಳ ಸರದಿ. ಸೋಪು ಹಚ್ಚಿದೆವು, ಎಣ್ಣೆ ಹಚ್ಚಿದೆವು. ಬಳೆ ಕದಲಲಿಲ್ಲ, ಅಕ್ಕ ಕೂಗಿಕೊಂಡಳು. ಕೈ ಆಗಲೇ ಬಾಳೆದಿಂಡಿನ ದಪ್ಪ ಆಗಿತ್ತು, ಬಳೆಗಳು ಅದರೊಳಗೆ ಹೂತುಕೊಳ್ಳುತ್ತಿದ್ದವು. ಖಾಲಾ ಬಾಗಿಲಲ್ಲಿ ನಿಂತು ನೋಡಿದರು.

"ಒಡದ್ ಬಿಡು ಬೆಹನ್. ಕೈ ದೊಡ್ಡದೋ ಬಳಿ ದೊಡ್ಡದೋ?"

ಅತ್ತೆ ತಲೆ ಎತ್ತಲಿಲ್ಲ. "ಅವ ಈ ಹೊತ್ತಿಗಿ ಬಾಯ್ಲರ್ ಮುಂದ ನಿಂತಿರ್ತಾನ. ಬೆಂಕಿ ಮುಂದ. ಅವ ಅಲ್ಲಿ ನಿಂತಿದ್ದಾಗ ನಾ ಇಲ್ಲಿ ಅವನ ಹೆಂಡತಿ ಬಳಿ ಒಡೀಬೇಕೇನು?"

ಖಾಲಾ ಒಳಗೆ ಬಂದು ಅಕ್ಕನ ಬೆನ್ನ ಹಿಂದೆ ಕೂತು ಅವಳ ತಲೆಯನ್ನು ತಮ್ಮ ಎದೆಗೆ ಒರಗಿಸಿಕೊಂಡರು.

ಗಂಡ ಬದುಕಿರುವ ಹೆಂಗಸಿನ ಕೈಬಳೆಯನ್ನು ಬೇಕೆಂದು ಒಡೆಯುವುದಿಲ್ಲ. ತಾನಾಗಿ ಒಡೆದರೂ ತಕ್ಷಣ ಇನ್ನೊಂದು ಏರಿಸಬೇಕು, ಕೈ ಬರಿದು ಇರಬಾರದು. ನಮ್ಮದು ಬಸವಣ್ಣನವರ ದಾರಿಯ ಮನೆ. ಸೂತಕವಿಲ್ಲ, ಶಕುನವಿಲ್ಲ ಎಂದು ಹೇಳಿಕೊಂಡು ಬೆಳೆದವರು. ಹೇಳಿಕೊಳ್ಳುತ್ತಿದ್ದೆವು ನಿಜ. ಆದರೆ ಬಾಯ್ಲರು ಅನ್ನುವ ಮಾತು ಬಂದ ಕೂಡಲೇ ನಮ್ಮೆಲ್ಲರ ಬಾಯಿ ಕಟ್ಟಿತು. ಮಧ್ಯಾಹ್ನ ಮಟಕಿಯಿಂದ ಬಂದ ನಮ್ಮವರು, ಓದಿದವರು, ಕೈ ನೋಡಿ ಗಾಬರಿಯಾದರೂ, "ಅಣ್ಣ ಬರ್ಲಿ ಹಂಗಾರ," ಅಂದರು. ಅಕ್ಕನನ್ನೇ ಕೇಳಿದರೆ ಅವಳೂ, "ಅವ್ರು ಬರ್ಲಿ. ನನಗೇನ್ ಆಗಂಗಿಲ್ಲ, ತಡೀತೇನಿ," ಅಂದಳು. ಗಂಡ ಕಣ್ಣೆದುರು ಇದ್ದರೆ ದೋಷವಿಲ್ಲ ಎಂದು ಅತ್ತೆ ಹೇಳಿದ್ದನ್ನು ಎಲ್ಲರೂ ಒಪ್ಪಿಕೊಂಡೆವು. ನಮ್ಮವರು ಸೈಕಲ್ ಹತ್ತಿ ದೊಡ್ಡ ರಸ್ತೆಗೆ ಹೋದರು. ಭೂಸನೂರಿನ ಕಡೆ ಹೊರಟಿದ್ದ ಕಬ್ಬಿನ ಲಾರಿಯ ಡ್ರೈವರನ ಕೈಯಲ್ಲಿ ಸುದ್ದಿ ಕಳಿಸಿ ಬಂದರು.

ಕಾಯುವ ಹೊತ್ತಿನಲ್ಲಿ ಓಣಿ ತನ್ನ ಕೆಲಸ ಮಾಡಿತು. ಪೆಟ್ಟು ಬಿದ್ದವರು ಎಷ್ಟು ಜನ ಎಂದು ಹೊರಗಿನವರಿಗೆ ಗೊತ್ತಾಗುವಂತೆಯೇ ಇರಲಿಲ್ಲ. ಬೆನ್ನು, ತೊಡೆ, ಕುಂಡಿಯ ಮೇಲೆ ಬಿದ್ದದ್ದನ್ನು ಹೆಂಗಸರು ಯಾರಿಗೆ ತೋರಿಸಬೇಕು? ಹೆಂಚಿನ ಮೇಲೆ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಬಾಗಿಲು ಹಾಕಿಕೊಂಡು, ಒಬ್ಬರಿಗೊಬ್ಬರು ಶಾಖ ಕೊಟ್ಟುಕೊಂಡೆವು. ನನಗೆ ಖಾಲಾ ಕೊಟ್ಟರು. ನನ್ನ ತೊಡೆಯ ಹಿಂದೆ ಬಿದ್ದ ಬಾಸುಂಡೆ ಕುಂಕುಮದ ಬಣ್ಣದಿಂದ ಬದನೆಕಾಯಿಯ ಬಣ್ಣಕ್ಕೆ ಹೋಗಿ ಅರಿಶಿನದ ಬಣ್ಣಕ್ಕೆ ಬರಲು ಬಹಳ ದಿನ ಹಿಡಿಯಿತು. ಮರುದಿನದ ಪತ್ರಿಕೆಯಲ್ಲಿ ಲಘು ಲಾಠಿ ಪ್ರಹಾರ ಎಂದು ಬಂದಿತ್ತಂತೆ. ನಮ್ಮವರು ಓದಿ ಹೇಳಿದಾಗ ಅತ್ತೆ, "ಲಘು ಅಂದ್ರ ಏನೋ?" ಎಂದು ಕೇಳಿದರು. ಹಗುರ ಎಂದು ಅರ್ಥ ಹೇಳಿದರು ಮಾಸ್ತರು. ಅತ್ತೆ, "ಹೊಡದಾವ್ನಿಗಿ ಹಗರ ಇರಬೇಕು," ಅಂದರು.

ಭಾವ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಪಾಳಿ ಮುಗಿಯುವ ಮುಂಚೆ ಬಿಡುವುದು ಸುಲಭವಿರಲಿಲ್ಲ, ಆಮೇಲೆ ಇನ್ನೊಂದು ಲಾರಿಯಲ್ಲಿ ಕೂತು ಬಂದಿದ್ದರು. ಮುಖದ ಮೇಲೆ ಮಸಿ ಹಾಗೇ ಇತ್ತು. ಅಂಗಳದಲ್ಲೇ ಅತ್ತೆ ಅವರನ್ನು ನಿಲ್ಲಿಸಿ ಕಾಲಿಗೆ ನೀರು ಹಾಕಿದರು. ತಲೆಯಿಂದ ಕಾಲಿನತನಕ ಒಮ್ಮೆ ನೋಡಿದರು. ಎರಡೂ ತೋಳು ಮುಟ್ಟಿದರು. ಕುಡಿಯಲು ನೀರು ಕೊಟ್ಟು, ಅವರು ಪೂರ್ತಿ ಕುಡಿಯುವವರೆಗೆ ನಿಂತರು.

"ಈಗ ತೆಗಿ," ಅಂದರು.

ಆ ಹೊತ್ತಿಗೆ ಅಕ್ಕನ ಬೆರಳುಗಳು ನೀಲಿಗಟ್ಟಿದ್ದವು. ಭಾವ ಇಕ್ಕಳ ಹುಡುಕಿ ತಂದರು. ಗಾಜು ಸಿಡಿಯಬಾರದೆಂದು ಪ್ರತಿ ಬಳೆಯ ಕೆಳಗೆ ಹಳೆ ಧೋತರದ ಚೂರು ತೂರಿಸಿದೆ ನಾನು. ತೂರಿಸಲು ಜಾಗವೇ ಇರಲಿಲ್ಲ. ಅವರು ಇಕ್ಕಳ ಹಿಡಿದು ಕೂತರು, ಒತ್ತಲಿಲ್ಲ. ಅಷ್ಟು ಎತ್ತರದ, ಅಷ್ಟು ದೊಡ್ಡ ದನಿಯ ಮನುಷ್ಯ.

ಅಕ್ಕ ಬೆವರಿನಲ್ಲಿ ತೋಯ್ದಿದ್ದಳು. ಆದರೂ, "ದಿನಾ ಬಾಯ್ಲರ್ ಮುಂದ ನಿಂದ್ರತೀರಿ. ಬಳಿಗಿ ಅಂಜ್ತೀರೇನ್ರಿ?" ಅಂದಳು.

"ಸುಮ್ಮಕಿರು ಸ್ವಲ್ಪ."

"ನಾ ಸುಮ್ಮಕಾದ್ರ ನೀವು ಇನ್ನೂ ಅಂಜ್ತೀರಿ."

ಮೊದಲ ಬಳೆ ಚಟ್ಟೆಂದಿತು. ನಾನು ಅತ್ತೆಯ ಕಡೆ ನೋಡಿದೆ. ಅವರು ಗೋಡೆಗೆ ಮುಖ ಮಾಡಿ ನಿಂತಿದ್ದರು, ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡು. ಅವರ ಬರಿಗೈಗಳನ್ನು ನಾನು ದಿನಾ ನೋಡುತ್ತಿದ್ದೆ. ಅವು ಒಂದು ಕಾಲಕ್ಕೆ ತುಂಬಿದ್ದವು, ಒಂದು ದಿನ ಯಾರೋ ಹಿಡಿದು ಅವುಗಳ ಬಳೆಯನ್ನೂ ಒಡೆದಿದ್ದರು ಎನ್ನುವುದು ನನಗೆ ಅಲ್ಲಿಯತನಕ ಹೊಳೆದಿರಲಿಲ್ಲ. ಅಲ್ಲಿಯತನಕ ಸಿಟ್ಟಿತ್ತು ನನಗೆ, ಇಡೀ ಮಧ್ಯಾಹ್ನ ಕಾಯಿಸಿದ್ದಕ್ಕೆ. ಆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅಷ್ಟೂ ಬಳೆ ತೆಗೆದ ಮೇಲೆ ಭಾವ ಅಕ್ಕನನ್ನು ಸರ್ಕಾರಿ ದವಾಖಾನೆಗೆ ಕರೆದೊಯ್ದರು, ಜೊತೆಗೆ ನಾನೂ ಹೋದೆ. ಡಾಕ್ಟರು ವಯಸ್ಸಾದವರು, ನಿಧಾನದ ಮಾತು. ಕೈ ತಿರುಗಿಸಿ ಮುರುಗಿಸಿ ನೋಡಿ, ಎಲುಬು ಮುರಿದಿದೆ ಎಂದರು. ತಲೆ ಕಾಪಾಡಿಕೊಳ್ಳಲು ಕೈ ಎತ್ತಿದವರಿಗೆ ಮುರಿಯುವುದು ಇದೇ ಎಲುಬಂತೆ.

"ತಲಿಗಿ ಬಂತೇನವ್ವ ಲಾಠಿ?"

"ಇಲ್ರಿ. ಕೊಡಕ್ಕ ಬಂತು."

ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಕೊಡ ಹ್ಯಾಂಗದ?"

"ಛಂದ ಅದ್ರಿ."

ಅವರು ನಕ್ಕರು, ಭಾವನೂ ನಕ್ಕರು. ಆಮೇಲೆ ಡಾಕ್ಟರು ಬೆರಳು ಒಂದೊಂದನ್ನೇ ಒತ್ತಿ, ಗೊತ್ತಾಗುತ್ತದೆಯೇ ಎಂದು ಕೇಳತೊಡಗಿದರು. ಹೆಬ್ಬೆರಳು ಗೊತ್ತಾಯಿತು, ತೋರುಬೆರಳು ಗೊತ್ತಾಯಿತು. ಉಂಗುರ ಬೆರಳಿಗೂ ಕಿರುಬೆರಳಿಗೂ ಏನೂ ಗೊತ್ತಾಗಲಿಲ್ಲ. ನಗು ನಿಂತಿತು. ಲಾಠಿಯ ಪೆಟ್ಟಿಗೆ ಒಳಗಿನ ನರ ಜಜ್ಜಿದೆ, ಅದರ ಮೇಲೆ ಬಳೆ ಇಡೀ ದಿನ ಹಗ್ಗದ ಹಾಗೆ ಬಿಗಿದು ಕೂತಿತ್ತು ಎಂದರು. "ಜಲ್ದಿ ಬಂದಿದ್ರ ಛಲೋ ಇತ್ತು. ಎಲುಬು ಕೂಡ್ತದ. ಬೆರಳು ಮಾತ್ರ ನಾ ಹೇಳಂಗಿಲ್ಲ. ತಿಂಗಳುಗಟ್ಟಲೆ ನೋಡ್ಬೇಕು. ಬರಬಹುದು, ಬರದೇನೂ ಇರಬಹುದು."

ಮನೆಗೆ ಬಂದು ಅದನ್ನೇ ಹೇಳಿದೆವು. ಬಳೆಯ ಮಾತನ್ನು ಮಾತ್ರ ಬಿಟ್ಟು ಹೇಳಿದರು ಭಾವ. ಅತ್ತೆ ಕೇಳಿದರು, "ಬಳಿ ಅಷ್ಟೊತ್ತು ಇಟ್ಟಿದ್ದಕ್ಕ ಏನರೆ ಅಂದ್ರೇನು?" ಭಾವ ಇಲ್ಲ ಎಂದರು. ಅತ್ತೆ ನನ್ನ ಕಡೆ ನೋಡಿದರು. ನಾನು ಒಲೆಯ ಕಡೆ ನೋಡಿದೆ. ಅವರಿಗೆ ತಿಳಿಯಿತು.

ಮರುದಿನ ಗುಲ್ಬರ್ಗಾಕ್ಕೆ ಹೋಗಿ ಎಕ್ಸ್‌ರೇ ತೆಗೆಸಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಅಷ್ಟರಲ್ಲಿ ಬೋರಿಂಗು ರಿಪೇರಿಯೂ ಆಯಿತು. ನೀರಿಗೆ ಒಂದು ವಾರ ತುಕ್ಕಿನ ವಾಸನೆ ಇತ್ತು, ಆಮೇಲೆ ಸರಿಹೋಯಿತು.

ಪ್ಲಾಸ್ಟರಿನ ದಿನಗಳಲ್ಲಿ ನಮ್ಮ ಅಡುಗೆಮನೆ ತಲೆಕೆಳಗಾಯಿತು. ಅಕ್ಕ ಸುಮ್ಮನೆ ಕೂಡುವವಳಲ್ಲ. ಬಲಗೈ ಒಂದರಿಂದಲೇ ರೊಟ್ಟಿ ಬಡಿಯುತ್ತೇನೆಂದು ಹಟ ಹಿಡಿದಳು. ಆ ರೊಟ್ಟಿ ಒಂದು ಕಡೆ ಚಪ್ಪಲಿಯಂತೆ ದಪ್ಪ, ಇನ್ನೊಂದು ಕಡೆ ಹರಿದ ಪತ್ರಾವಳಿ. ನಾವು ಗಂಗಾಳದಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆವು, ಎಲ್ಲಿಂದ ಮುರಿಯಬೇಕೆಂದು. ಹತ್ತು ವರ್ಷದಿಂದ ಬಲಗೈ ಬಲಗೈ ಎಂದು ಬಡಿದುಕೊಂಡಿದ್ದ ಅತ್ತೆ ಆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದರು.

"ಹ್ಯಾಂಗಾಗ್ಯಾದ್ರಿ ಅತ್ತಿ? ನಿಮ್ಮ ಬಲಗೈ ರೊಟ್ಟಿ?"

"ತಿಂದ್ರ ಸಾಯಂಗಿಲ್ಲ," ಅಂದರು ಅತ್ತೆ. ಇನ್ನೊಂದು ತುತ್ತು ನುಂಗಿ, "ನಿಂದು ಆ ಕೈನೇ ಛಲೋ ಬಿಡು," ಅಂದರು.

ಅಕ್ಕ ನನ್ನನ್ನು ಮೊಣಕೈಯಿಂದ ತಿವಿದಳು. ಕೇಳಿದೆಯಾ ಎನ್ನುವ ಹಾಗೆ.

ಅಫಜಲಪುರದಿಂದ ಅವಳ ಅಪ್ಪ ಬಂದರು. ತೆಳ್ಳಗಿನ ಮುದುಕರು, ಹೆಗಲ ಮೇಲೆ ಬೆಲ್ಲದ ಪೆಂಟೆ ಕಟ್ಟಿದ ಟವೆಲು. ಮಗಳ ಪ್ಲಾಸ್ಟರಿನ ಮೇಲೆ ಒಮ್ಮೆ ಕೈಯಾಡಿಸಿದರು. ಚಹಾ ಕುಡಿದ ಮೇಲೆ, "ಕೈ ಕೂಡೋತನಕ ಊರಿಗಿ ಕರಕೊಂಡು ಹೋಗ್ತೇನಿ ಬೀಗತಿ. ಇಲ್ಲಿ ಕೆಲಸ ಬಿಡಂಗಿಲ್ಲ ಆಕಿ," ಅಂದರು. ಹೀಗೆ ಜಡ್ಡಾದಾಗ ಹೆಣ್ಣುಮಗಳು ತವರಿಗೆ ಹೋಗುವುದು ವಾಡಿಕೆಯೇ. ತಪ್ಪೇನೂ ಇರಲಿಲ್ಲ.

ಅತ್ತೆ ಸೆರಗು ಸರಿಪಡಿಸಿಕೊಂಡು ಬಾಗಿಲ ಮರೆಯಿಂದ ಉತ್ತರ ಕೊಟ್ಟರು. "ಬ್ಯಾಡ್ರಿ. ಛಲೋ ಕೈ ಕೊಟ್ಟು ಕಳಸಿದ್ರಿ ನೀವು. ಹಿಂಗ ವಾಪಸ ಕಳಸಂಗಿಲ್ಲ ನಾ. ಬೆರಳು ಮಡಚಲಿ, ಆಮ್ಯಾಲ ಕರಕೊಂಡು ಹೋಗ್ರಿ."

"ಮಡಚ್ತಾವಂತೇನ್ರಿ?"

"ಮಡಚ್ಲೇಬೇಕು."

ಮುದುಕರು ತಲೆಯಾಡಿಸಿದರು. ಹೋಗುವಾಗ ಕೊಡವನ್ನು ಕಂಡು ಹತ್ತಿರ ಹೋಗಿ ಬೆರಳಿನಿಂದ ಬಾರಿಸಿ ನೋಡಿದರು. "ಹುಚ್ಚಿ," ಅಂದರು ಮಗಳಿಗೆ. "ಇಂಥಾವು ಹತ್ತು ತಂದು ಕೊಡ್ತಿದ್ದೆ."

"ತಂದ್ ಕೊಡು ಹಂಗಾರ," ಅಂದಳು ಅಕ್ಕ.

ಪ್ಲಾಸ್ಟರ್ ಒಡೆದ ದಿನ ಹೊರಗೆ ಬಂದ ಕೈ ಬೇರೆ ಯಾರದೋ ಅನ್ನಿಸಿತು. ಸಣ್ಣಗೆ, ಬಿಳಿಚಿಕೊಂಡು, ಮೇಲೆಲ್ಲ ಸೊರಗಿದ ಚರ್ಮ. ಎಲುಬು ನೆಟ್ಟಗೆ ಕೂಡಿತ್ತು. ಆ ಎರಡು ಬೆರಳು ಮಾತ್ರ ಒಳಗೆ ಬಾಗಿ ನಿಂತಿದ್ದವು, ಮಡಚಲೂ ಇಲ್ಲ, ಚಾಚಲೂ ಇಲ್ಲ. ಬಿಸಿ ಪಾತ್ರೆ ತಗುಲಿ ಕಿರುಬೆರಳಿಗೆ ಬೊಬ್ಬೆ ಎದ್ದದ್ದು ಅವಳಿಗೆ ಗೊತ್ತಾದದ್ದು ನಾನು ಹೇಳಿದ ಮೇಲೆ. ಆ ಬೊಬ್ಬೆಯನ್ನು ನೋಡಿದ ದಿನ ಮಾತ್ರ ಅಕ್ಕ ಅತ್ತಳು. ಹಿತ್ತಲಲ್ಲಿ, ಬಚ್ಚಲ ಕಲ್ಲಿನ ಮೇಲೆ ಕೂತು. ನಾನು ಪಕ್ಕದಲ್ಲಿ ಕೂತೆ. "ಇದು ನನ್ನ ಕೈ ಅನ್ನಸಾಕತ್ತಿಲ್ಲ ನೋಡು," ಅಂದಳು. "ಯಾರದೋ ಕೈ ತಂದು ಕಟ್ಟಿದಂಗ ಅದ."

ಅತ್ತೆ ಆ ಕೈಯನ್ನು ತಮ್ಮದು ಮಾಡಿಕೊಂಡರು. ನಮ್ಮ ತವರಿನಿಂದ, ಜೇವರ್ಗಿಯಿಂದ, ನನ್ನ ಅವ್ವ ಗಾಣದ ಔಡಲ ಎಣ್ಣೆ ಕಳಿಸಿದ್ದಳು. ದಿನಾ ಬೆಳಿಗ್ಗೆ ಅದನ್ನು ಬೆಚ್ಚಗೆ ಮಾಡಿ, ಅಕ್ಕನನ್ನು ಎದುರು ಕೂಡಿಸಿಕೊಂಡು, ಮೊಣಕೈಯಿಂದ ಬೆರಳಿನ ತುದಿಯವರೆಗೆ ತಿಕ್ಕುತ್ತಿದ್ದರು. ಆಕಳ ಕೆಚ್ಚಲು ನೀವುವ ಹಾಗೆ, ಅವಸರವಿಲ್ಲದೆ. ಕ್ಷಮಿಸು ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ನಮ್ಮ ಕಡೆ ಅತ್ತೆಯರು ಸೊಸೆಯರಿಗೆ ಹಾಗೆ ಅನ್ನುವ ರೂಢಿಯೇ ಇಲ್ಲ. ಆದರೆ ತಿಕ್ಕುವಾಗ ಬಳೆಯ ಗುರುತು ಉಳಿದ ಜಾಗಕ್ಕೆ ಬಂದರೆ ಅವರ ಬೆರಳು ಅಲ್ಲೇ ನಿಲ್ಲುತ್ತಿತ್ತು. ಅಕ್ಕ ಅದನ್ನು ನೋಡಿ ಬೇರೆ ಮಾತು ತೆಗೆಯುತ್ತಿದ್ದಳು. ಒಂದು ದಿನ ಹಾಗೆ ತಿಕ್ಕುತ್ತಿದ್ದಾಗ ಚರ್ಮದ ಕೆಳಗೆ ಏನೋ ಒತ್ತಿತು. ಮೆಲ್ಲಗೆ ಹಿಸುಕಿದರೆ ಅಕ್ಕಿಯ ನುಚ್ಚಿನಷ್ಟು ಹಸಿರು ಗಾಜು ಹೊರಗೆ ಬಂತು. ಅಷ್ಟು ದಿನ ಒಳಗೇ ಕೂತಿತ್ತು. ಅತ್ತೆ ಅದನ್ನು ಅಂಗೈಯಲ್ಲಿಟ್ಟು ನೋಡಿ, ಅಂಗಳಕ್ಕೆ ಹೋಗಿ ದೂರ ಎಸೆದು ಬಂದರು.

ಮಳೆಗಾಲ ಶುರುವಾದ ಮೇಲೆ ಅತ್ತೆ ಕೌದಿ ತೆಗೆದರು. ಹಳೆ ಸೀರೆ ಧೋತರಗಳನ್ನು ಪದರ ಪದರ ಹಾಸಿ ಹೊಲಿಯುವ ಕೌದಿ ನಮ್ಮ ಮನೆಯಲ್ಲಿ ವರ್ಷಕ್ಕೊಂದಾದರೂ ಆಗುತ್ತಿತ್ತು. ಡಾಕ್ಟರು ಬೆರಳಿಗೆ ಕೆಲಸ ಕೊಡಿ ಎಂದಿದ್ದರು. ಅತ್ತೆ ಸೂಜಿಗೆ ದಾರ ನನ್ನಿಂದ ಪೋಣಿಸಿಕೊಂಡು ಅಕ್ಕನ ಎಡಗೈಗೆ ಕೊಟ್ಟರು.

"ಹೊಲಿ."

"ಬರಂಗಿಲ್ರಿ ಅತ್ತಿ. ಸೂಜಿ ಹಿಡಿಯಾಕ ಬರ್ತದ, ಬಟ್ಟಿ ಒತ್ತಿ ಹಿಡಿಯಾಕ ಆ ಬೆರಳು ಬೇಕು."

"ಬಟ್ಟಿ ನಾ ಒತ್ತತೇನಿ. ನೀ ಹೊಲಿ."

ಹಾಗೆ ಇಬ್ಬರೂ ಹೊಲಿದರು. ಅತ್ತೆ ಕೌದಿಯ ಅಂಚನ್ನು ಮಂಡಿಯ ಕೆಳಗೆ ಹಾಕಿ ಒತ್ತಿ ಹಿಡಿಯುವುದು, ಅಕ್ಕ ಮೂರು ಬೆರಳಿನಿಂದ ಹೊಲಿಗೆ ಹಾಕುವುದು. ಹೊಲಿಗೆಗಳು ಒಂದು ಉದ್ದ, ಒಂದು ಗಿಡ್ಡ, ಕೋಳಿ ನಡೆದುಹೋದ ಹಾಗೆ. ಅತ್ತೆ ಬಿಚ್ಚಿಸಲಿಲ್ಲ. ಖಾಲಾ ಬಂದು ನೋಡಿ, "ಇದನ್ನ ಯಾರಿಗಿ ಹೊದಸ್ತೀರಿ?"  ಎಂದರೆ, "ಮಾಸ್ತರಗ," ಅನ್ನುತ್ತಿದ್ದಳು ಅಕ್ಕ. "ಅವರಿಗಿ ನಿದ್ದಿ ಹತ್ತಿದ್ರ ಏನ್ ಹೊದಿಸಿದ್ರೂ ಗೊತ್ತಾಗಂಗಿಲ್ಲ."

ದಿನಗಳು ಹಾಗೇ ಹೋದವು. ಬೆರಳು ಸ್ವಲ್ಪ ಸಡಿಲಾದ ಹಾಗೆ ಕಾಣುತ್ತಿತ್ತು. ಒಂದು ದಿನ ಕಾಣುವುದು, ಮರುದಿನ ಇಲ್ಲ. ಅತ್ತೆ ಕೇಳುವುದನ್ನು ಬಿಟ್ಟಿದ್ದರು. ಅಕ್ಕ ಹೇಳುವುದನ್ನು ಬಿಟ್ಟಿದ್ದಳು. ನಾನು ಅಕ್ಕನ ಪಾಲಿನ ಕೆಲಸಗಳನ್ನು ಮಾತಿಲ್ಲದೆ ನನ್ನ ಕಡೆ ಸರಿಸಿಕೊಳ್ಳುತ್ತ ಬಂದಿದ್ದೆ. ಅದು ಅವಳಿಗೆ ತಿಳಿದಿತ್ತು, ತಿಳಿದದ್ದು ಅವಳ ಮುಖದಲ್ಲಿ ಕಾಣುತ್ತಿತ್ತು.

ಶ್ರಾವಣದ ಒಂದು ಮಧ್ಯಾಹ್ನ. ಹೊರಗೆ ಜಿಟಿಜಿಟಿ ಹಿಡಿದಿತ್ತು. ನಾನು ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದೆ. ಅವರಿಬ್ಬರೂ ಬೆಳಕಿಗಾಗಿ ಬಾಗಿಲ ಹತ್ತಿರ ಕೌದಿ ಹಾಸಿಕೊಂಡು ಕೂತಿದ್ದರು. ಅಕ್ಕನ ಸೂಜಿ ನಿಂತಿತು.

"ಅತ್ತಿ," ಅಂದಳು.

"ಏನು?"

"ಸೂಜಿ ಚುಚ್ಚತು."

"ಎಲ್ಲಿ?"

ಅಕ್ಕ ಕೈ ಮುಂದೆ ಹಿಡಿದಳು. ಉಂಗುರ ಬೆರಳಿನ ಪಕ್ಕದಲ್ಲಿ ಸಾಸಿವೆಯಷ್ಟು ರಕ್ತ. ಅತ್ತೆ ಅದನ್ನು ನೋಡಿದರು, ಅಕ್ಕನ ಮುಖ ನೋಡಿದರು. ನಾನು ಮೊರ ಕೆಳಗಿಟ್ಟೆ.

"ಬ್ಯಾನಿ ಆಯ್ತೇನು?"

"ಆಯ್ತು."

"ಖರೇ ಹೇಳು. ರಕ್ತ ನೋಡಿ ಅಂದ್ಯೋ, ಬ್ಯಾನಿ ಆಗಿ ಅಂದ್ಯೋ?"

"ಬ್ಯಾನಿ ಆಗಿ ನೋಡಿದೆ ಅತ್ತಿ."

ಅತ್ತೆ ಅವಳ ಕೈಯಿಂದ ಸೂಜಿ ತೆಗೆದುಕೊಂಡರು. "ಕಣ್ಣು ಮುಚ್ಚು," ಅಂದರು. ಅಕ್ಕ ಮುಚ್ಚಿದಳು. ಅತ್ತೆ ಆ ಬೆರಳಿನ ಇನ್ನೊಂದು ಬದಿಗೆ ಮೆಲ್ಲಗೆ ಸೂಜಿಯ ತುದಿ ತಾಗಿಸಿದರು. ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು.

"ಕೊಲ್ತೀರೇನ್ರಿ ನನ್ನ?"

ಅತ್ತೆ ಸೂಜಿಯನ್ನು ಕೌದಿಗೆ ಚುಚ್ಚಿಟ್ಟರು. ಸೆರಗು ಬಾಯಿಗೆ ಹೋಯಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ನಾನು ಕೂತ ಕಡೆಯಿಂದ ತಿಳಿಯುವಂತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, "ಸಣ್ಣ ಬೆರಳು ಕೊಡು ಇಲ್ಲಿ," ಅಂದರು.

ಕಿರುಬೆರಳಿಗೆ ಏನೂ ಗೊತ್ತಾಗಲಿಲ್ಲ. ಇವತ್ತಿಗೂ ಅದು ಬಾಗಿಯೇ ಇದೆ. ಅಕ್ಕ ಅದನ್ನು ತನ್ನ ಕುಂಟ ಮಗ ಎಂದು ಕರೆಯುತ್ತಾಳೆ. ಉಂಗುರ ಬೆರಳು ಮಾತ್ರ ದೀಪಾವಳಿಯ ಹೊತ್ತಿಗೆ ಮಡಚಿತು, ಚಾಚಿತು. ಆದರೆ ಇದೆಲ್ಲ ಆಮೇಲಿನದು. ಆ ಮಧ್ಯಾಹ್ನ ಅತ್ತೆ ಕಿರುಬೆರಳನ್ನು ಮತ್ತೊಮ್ಮೆ ಒತ್ತಿ ನೋಡಿ, ತಮ್ಮ ಅಂಗೈಯೊಳಗೆ ಅದನ್ನು ಮುಚ್ಚಿ ಹಿಡಿದುಕೊಂಡರು.

"ಇರ್ಲಿ," ಅಂದರು. "ಒಂದು ಬಂದದಲ್ಲ. ಎಣ್ಣಿ ಕಾಸು, ಹೋಗು," ಎಂದು ನನ್ನನ್ನು ಎಬ್ಬಿಸಿದರು. "ಮತ್ತ ನಿನ್ನ ಅವ್ವಗ ಹೇಳಿ ಕಳಸು, ಇನ್ನೊಂದು ಶೀಶೆ ಬೇಕು ಅಂತ."